ಮೈಸೂರಿನ ವಾರ್ಡ್‌ವಾರು ಕುಟುಂಬ ಚಿತ್ರಣ: ಯಾವ ಜನಸಂಖ್ಯೆ, ಯಾವ ‘ಕುಟುಂಬ’ ಹಿಡಿಯಬೇಕು?

ಪ್ರಶ್ನೆ: ವಾರ್ಡ್‌ನೋಟ

ನಮಸ್ಕಾರ. ಮೈಸೂರು ನಗರದ ಕುಟುಂಬಗಳ ಬಗ್ಗೆ ಇಪ್ಪತ್ತು ಪುಟದ ವರದಿಯೊಂದು ತಯಾರಾಗುತ್ತಿದೆ. ಕುಟುಂಬದ ಗಾತ್ರ, ಸ್ವಂತ ಮನೆ–ಬಾಡಿಗೆ, ನೀರು, ಅಡುಗೆ ಇಂಧನ, ಸಾಕ್ಷರತೆ, ಮನೆಮಾತು, ಹೆಂಗಸರ ದುಡಿಮೆ, ಇಷ್ಟನ್ನು ವಾರ್ಡ್‌ವಾರು ಕೊಡುವ ಉದ್ದೇಶ. ಮೊದಲ ಪುಟದಲ್ಲೇ ತೊಡಕು. 2011ರ ಜನಗಣತಿಯ ಹೆಸರಲ್ಲೇ ಮೈಸೂರಿಗೆ 8.87 ಲಕ್ಷ, 8.93 ಲಕ್ಷ, 9.20 ಲಕ್ಷ, 9.90 ಲಕ್ಷ ಅಂತ ನಾಲ್ಕು ಜನಸಂಖ್ಯೆ ಸಿಗುತ್ತಿವೆ. ಯಾವುದು ಸರಿ? ಒಟ್ಟು ಜನಸಂಖ್ಯೆಯನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಗಾತ್ರ ಬಂತು ಅಂದುಕೊಳ್ಳಬಹುದಾ? 2011ರ ನಂತರದ ಬದಲಾವಣೆ ತೋರಿಸಲು ಪಡಿತರ ಚೀಟಿ ಅಥವಾ ಕರೆಂಟ್ ಮೀಟರ್ ಲೆಕ್ಕ ಬಳಸಿದರೆ ತಪ್ಪಾ?

ಉತ್ತರ 1: ಗಡಿಗಲ್ಲು

ನಾಲ್ಕೂ ಜನಗಣತಿಯವೇ, ಆದರೆ ಒಂದು ತಾತ್ಕಾಲಿಕ, ಉಳಿದ ಮೂರು ಬೇರೆ ಬೇರೆ ಗಡಿಯವು.

8.87 ಲಕ್ಷ ಎಂಬುದು ಗಣತಿ ಮುಗಿದ ಕೂಡಲೇ ಬಂದ ತಾತ್ಕಾಲಿಕ ಲೆಕ್ಕ. ಅಂತಿಮ ಕೋಷ್ಟಕ ಬಂದ ಮೇಲೆ ಅದನ್ನು ಬಳಸಲು ಕಾರಣವೇ ಇಲ್ಲ, ಆದರೂ ಹಳೇ ಲೇಖನಗಳಿಂದ ನಕಲಾಗುತ್ತಾ ಇನ್ನೂ ಓಡಾಡುತ್ತಿದೆ. 8.93 ಲಕ್ಷ ಮಹಾನಗರ ಪಾಲಿಕೆಯ ಗಡಿಯೊಳಗಿನ ಅಂತಿಮ ಲೆಕ್ಕ. 9,20,550 ಪಾಲಿಕೆಯ ಜೊತೆಗೆ ಅದಕ್ಕೆ ಅಂಟಿಕೊಂಡು ಬೆಳೆದ ಬಡಾವಣೆಗಳದ್ದು. ಜನಗಣತಿಯವರು ಇವನ್ನು ಔಟ್‌ಗ್ರೋತ್ ಅನ್ನುತ್ತಾರೆ: ಕಾಗದದಲ್ಲಿ ಗ್ರಾಮದ ಎಲ್ಲೆ, ನೋಡಲು ನಗರ. 9.90 ಲಕ್ಷದಲ್ಲಿ ಸುತ್ತಲಿನ ಸೆನ್ಸಸ್ ಟೌನ್‌ಗಳೂ ಸೇರಿವೆ, ಅದು ಅರ್ಬನ್ ಅಗ್ಲಾಮರೇಶನ್ ಲೆಕ್ಕ. ಪಂಚಾಯಿತಿ ಆಡಳಿತದಲ್ಲಿದ್ದರೂ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ಗಂಡಸು ಮುಖ್ಯ ಕೆಲಸಗಾರರಲ್ಲಿ ಶೇ. 75 ಮಂದಿ ಕೃಷಿಯೇತರ ಕೆಲಸದಲ್ಲಿ, ಈ ಮೂರೂ ಇದ್ದರೆ ಆ ಊರು ಸೆನ್ಸಸ್ ಟೌನ್.

ನೀವು ವಾರ್ಡ್‌ವಾರು ಕೊಡುತ್ತೀರಾದ್ದರಿಂದ ಪಾಲಿಕೆಯ ಲೆಕ್ಕವನ್ನೇ ಹಿಡಿಯಿರಿ. ಒಂದು ಕಡೆ ಹುಷಾರಾಗಿರಬೇಕು. ಪ್ರಾಥಮಿಕ ಜನಗಣತಿ ಸಾರದ (ಪಿಸಿಎ) ಹಾಳೆಯಲ್ಲಿ 65 ವಾರ್ಡ್ ಮುಗಿದ ಮೇಲೂ ವಾರ್ಡ್ ನಂಬರ್ ಮುಂದುವರಿಯುತ್ತದೆ. ಆ ಸಾಲುಗಳು ಔಟ್‌ಗ್ರೋತ್‌ಗಳದ್ದು. ಹೆಸರು ನೋಡದೆ ಇಡೀ ಅಂಕಣ ಕೂಡಿದರೆ 9.20 ಲಕ್ಷ ಬರುತ್ತದೆ, ಶೀರ್ಷಿಕೆಯಲ್ಲಿ ಮಾತ್ರ ‘ಪಾಲಿಕೆ’ ಅಂತ ಇರುತ್ತದೆ. ಲಿಂಗಾನುಪಾತ ಕೊಡುವಾಗಲೂ ಯಾವ ಗಡಿಯದ್ದು ಅಂತ ಬರೆಯಿರಿ. ಪಾಲಿಕೆ ಮತ್ತು ಔಟ್‌ಗ್ರೋತ್ ಸೇರಿಸಿದರೆ 4,61,042 ಗಂಡಸರಿಗೆ 4,59,508 ಹೆಂಗಸರು, ಅಂದರೆ ಸಾವಿರಕ್ಕೆ 997. ರಾಜ್ಯದ್ದು 973.

2001ರ ಅಗ್ಲಾಮರೇಶನ್ 7.99 ಲಕ್ಷ, 2011ರದ್ದು 9.90 ಲಕ್ಷ, ಬೆಳವಣಿಗೆ ಶೇ. 24 ಅಂತ ಬರೆದುಬಿಡುವ ಆಸೆ ಆಗುತ್ತದೆ. ಬರೆಯುವ ಮುಂಚೆ ಎರಡೂ ವರ್ಷದ ಘಟಕಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಊರು ಸೇರಿದ್ದರಿಂದ ಹೆಚ್ಚಾದ ಜನ ಹುಟ್ಟಿದವರೂ ಅಲ್ಲ, ವಲಸೆ ಬಂದವರೂ ಅಲ್ಲ. ಇದ್ದಲ್ಲೇ ಇದ್ದರು, ಗೆರೆ ಸರಿದಿದೆ ಅಷ್ಟೆ.

ಇನ್ನು ವಾರ್ಡ್ ನಕ್ಷೆ. 2018ರ ಪಾಲಿಕೆ ಚುನಾವಣೆಗೆ ಮುಂಚೆ ವಾರ್ಡ್‌ಗಳ ಮರುವಿಂಗಡಣೆ ಆಯಿತು. 65 ಎಂಬ ಸಂಖ್ಯೆ ಹಾಗೇ ಉಳಿದಿದ್ದರಿಂದ ಗೊಂದಲ ಇನ್ನೂ ಜಾಸ್ತಿ. 2011ರ ಕೋಷ್ಟಕದ ವಾರ್ಡ್ ನಂಬರನ್ನು ಈಗಿನ ನಕ್ಷೆಯ ಮೇಲೆ ಅಂಟಿಸಬೇಡಿ. ಹೂಟಗಳ್ಳಿ ಆಮೇಲೆ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. 2011ರಲ್ಲಿ ಇವು ಹೀಗಿರಲಿಲ್ಲ.

ಉತ್ತರ 2: ಒಲೆಲೆಕ್ಕ

ಸರಾಸರಿ ಗಾತ್ರದ ಬಗ್ಗೆ. ಜನಗಣತಿಯಲ್ಲಿ ಕುಟುಂಬ ಅಂದರೆ ರಕ್ತಸಂಬಂಧ ಅಲ್ಲ, ಅಡುಗೆಮನೆ. ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದರೆ ಎರಡು ಕುಟುಂಬ. ಪಡುವಾರಹಳ್ಳಿಯಲ್ಲಿ ಮೂವರು ಹುಡುಗರು ರೂಮು ಹಿಡಿದು ಒಟ್ಟಿಗೆ ಅಡುಗೆ ಮಾಡಿಕೊಂಡರೆ ಅದು ಮೂರು ಜನರ ಸಾಮಾನ್ಯ ಕುಟುಂಬ. ಒಬ್ಬೊಬ್ಬರೂ ಬೇರೆ ಬೇರೆ ಮೆಸ್‌ನಲ್ಲಿ ಉಂಡರೆ ಮೂರು ಒಂಟಿ ಕುಟುಂಬ. ಹಾಸ್ಟೆಲ್, ಅನಾಥಾಲಯ, ಆಶ್ರಮ, ಜೈಲು ಸಾಂಸ್ಥಿಕ ಕುಟುಂಬಗಳು.

ಪಿಸಿಎಯಲ್ಲಿ ಸಾಂಸ್ಥಿಕ ಕುಟುಂಬಗಳೂ ವಸತಿಹೀನರೂ ಸೇರಿದ್ದಾರೆ. ಮನೆಪಟ್ಟಿ (ತಲೆ ಎಣಿಸುವ ಮುಂಚೆ ಮನೆ, ಸೌಕರ್ಯಗಳನ್ನು ಬರೆದುಕೊಳ್ಳುವ ಹಂತ) ಕೋಷ್ಟಕಗಳಲ್ಲಿ ಸಾಂಸ್ಥಿಕ ಕುಟುಂಬಗಳು ಇಲ್ಲ. ಹಾಗಾಗಿಯೇ ರಾಜ್ಯಕ್ಕೆ ಮನೆಪಟ್ಟಿಯಲ್ಲಿ ಸುಮಾರು 1.32 ಕೋಟಿ ಕುಟುಂಬ ಇದ್ದರೆ ಪಿಸಿಎಯಲ್ಲಿ 1.33 ಕೋಟಿ ದಾಟುತ್ತದೆ. ಮನೆಪಟ್ಟಿ ನಡೆದದ್ದು 2010ರಲ್ಲಿ, ತಲೆ ಎಣಿಸಿದ್ದು 2011ರ ಫೆಬ್ರವರಿ 9ರಿಂದ 28ರವರೆಗೆ, ಈ ಕಾಲದ ಅಂತರವೂ ಇದೆ. ಒಂದರ ಜನಸಂಖ್ಯೆಯನ್ನು ಇನ್ನೊಂದರ ಕುಟುಂಬ ಸಂಖ್ಯೆಯಿಂದ ಭಾಗಿಸಬೇಡಿ. ಮಾನಸಗಂಗೋತ್ರಿ ಸುತ್ತಿನಂಥ ಹಾಸ್ಟೆಲ್ ಹೆಚ್ಚಿರುವ ವಾರ್ಡ್‌ನಲ್ಲಿ ಇನ್ನೂರು ಹುಡುಗರ ಒಂದು ಹಾಸ್ಟೆಲ್ ‘ಒಂದು ಕುಟುಂಬ’ವಾಗಿ ಕೂತು ಸರಾಸರಿಯನ್ನು ಎತ್ತಿಬಿಡುತ್ತದೆ.

ನನ್ನ ಕೇಳಿದರೆ ಸರಾಸರಿಯನ್ನೇ ಕೈಬಿಡಿ. ಮನೆಪಟ್ಟಿ ಸಾರದಲ್ಲಿ 1, 2, 3, 4, 5, 6–8, 9 ಮತ್ತು ಹೆಚ್ಚು ಅಂತ ಗಾತ್ರದ ಹಂಚಿಕೆಯೇ ಇದೆ. ಅದರ ಪಕ್ಕದಲ್ಲೇ ಯಾರೂ ಹೆಚ್ಚು ಗಮನಿಸದ ಒಂದು ಅಂಕಣಗುಂಪು ಇದೆ: ಕುಟುಂಬದಲ್ಲಿರುವ ವಿವಾಹಿತ ದಂಪತಿಗಳ ಸಂಖ್ಯೆ. ಕೂಡುಕುಟುಂಬದ ಬಗ್ಗೆ ಏನಾದರೂ ಹೇಳಬೇಕಿದ್ದರೆ ಅದೇ ಸರಿಯಾದ ಜಾಗ. ಆರು ಜನರ ಮನೆಯಲ್ಲಿ ಒಂದೇ ಜೋಡಿ ಮತ್ತು ನಾಲ್ಕು ಮಕ್ಕಳಿರಬಹುದು. ಎರಡು ಜೋಡಿ ಇದ್ದರೆ ಅತ್ತೆ–ಸೊಸೆಯೋ ಅಣ್ಣ–ತಮ್ಮನೋ ಒಂದೇ ಒಲೆಯಲ್ಲಿದ್ದಾರೆ ಅಂತಲೇ ಅರ್ಥ. ‘ಶೂನ್ಯ ಜೋಡಿ’ ಕುಟುಂಬ ಹೆಚ್ಚಿರುವ ವಾರ್ಡ್ ಕಂಡರೆ ಅದನ್ನು ಒಂದು ಮತ್ತು ಎರಡು ಜನರ ಕುಟುಂಬಗಳ ಪಾಲಿನ ಜೊತೆ ಇಟ್ಟು ಓದಿ. ಒಂಟಿ ಹಿರಿಯರೋ ಓದುವ ಹುಡುಗರೋ ಅಂತ ತಿಳಿಯಲು ವಯಸ್ಸಿನ ಕೋಷ್ಟಕ ಬೇಕು, ಅದು ವಾರ್ಡ್ ಮಟ್ಟಕ್ಕೆ ಇಲ್ಲ.

ವಠಾರಗಳ ವಿಷಯವೂ ಸೇರಿಸುತ್ತೇನೆ. ಅಗ್ರಹಾರದ ಕಡೆಯ ಹಳೇ ವಠಾರದಲ್ಲಿ ಅಂಗಳ ಒಂದೇ, ಬಾಗಿಲು ಬೇರೆ ಬೇರೆ. ಅಂಗಳಕ್ಕೋ ಮೆಟ್ಟಿಲಿಗೋ ತೆರೆಯುವ ಪ್ರತ್ಯೇಕ ಬಾಗಿಲಿದ್ದರೆ ಅದು ಪ್ರತ್ಯೇಕ ಗಣತಿ ಮನೆ. ಪಾಲಿಕೆಯ ಆಸ್ತಿ ತೆರಿಗೆ ಲೆಕ್ಕದಲ್ಲಿ ಇಡೀ ವಠಾರ ಒಂದೇ ಆಸ್ತಿಯಾಗಿರಬಹುದು. ಎರಡೂ ಲೆಕ್ಕ ಕೂಡದಿದ್ದರೆ ಯಾರದೂ ತಪ್ಪಲ್ಲ.

ಉತ್ತರ 3: ಕೋಷ್ಟಕಪ್ರಿಯ

ಯಾವುದು ಎಲ್ಲಿ ಸಿಗುತ್ತದೆ ಅನ್ನುವುದು ಇಷ್ಟು. ನೀರು, ದೀಪ, ಶೌಚಾಲಯ, ಇಂಧನ, ಸ್ವಂತ–ಬಾಡಿಗೆ, ಕೋಣೆಗಳು, ಬ್ಯಾಂಕ್ ಖಾತೆ, ಟಿವಿ, ಫೋನು, ಬೈಕು, ಕಾರು ಎಲ್ಲವೂ ಮನೆಪಟ್ಟಿಯ ಎಚ್‌ಎಲ್-14 ಎಂಬ ಕೋಷ್ಟಕದಲ್ಲಿ ವಾರ್ಡ್‌ವಾರು ಇವೆ. ಅದು ಬರೀ ಶೇಕಡಾವಾರು ಕೋಷ್ಟಕ. ಹತ್ತು ವಾರ್ಡ್ ಸೇರಿಸಿ ಒಂದು ವಲಯದ ಲೆಕ್ಕ ಕೊಡುವಾಗ ಶೇಕಡಾಗಳ ಸರಾಸರಿ ತೆಗೆದರೆ ಕೆಟ್ಟಿತು. 1,000 ಕುಟುಂಬದ ವಾರ್ಡ್‌ನಲ್ಲಿ ಶೇ. 90, 4,000 ಕುಟುಂಬದ ವಾರ್ಡ್‌ನಲ್ಲಿ ಶೇ. 40 ಗ್ಯಾಸ್ ಇದ್ದರೆ ಸರಳ ಸರಾಸರಿ 65. ನಿಜವಾದದ್ದು 900 ಮತ್ತು 1,600 ಕೂಡಿ 5,000ಕ್ಕೆ 2,500, ಅಂದರೆ 50. ತೂಕಕ್ಕೆ ಪಿಸಿಎಯ ಕುಟುಂಬ ಸಂಖ್ಯೆ ಬಳಸಿದರೆ ಸಣ್ಣ ವ್ಯತ್ಯಾಸ ಉಳಿಯುತ್ತದೆ, ಅಡಿಟಿಪ್ಪಣಿ ಹಾಕಿ.

ನೀರಿನ ಅಂಕಣದಲ್ಲಿ ‘ಹತ್ತಿರ’ ಅಂದರೆ ನಗರದಲ್ಲಿ 100 ಮೀಟರ್ ಒಳಗೆ, ಹಳ್ಳಿಯಲ್ಲಿ 500 ಮೀಟರ್. ನಗರವನ್ನೂ ಸುತ್ತಲ ಹಳ್ಳಿಗಳನ್ನೂ ಒಂದೇ ನಕ್ಷೆಯಲ್ಲಿ ಬಣ್ಣ ಹಾಕುವವರು ಇದನ್ನು ಮರೆಯುತ್ತಾರೆ. ನಲ್ಲಿ ಇದೆ ಅನ್ನುವುದು ಗೊತ್ತಾಗುತ್ತದೆ, ನೀರು ಎಷ್ಟು ಹೊತ್ತು ಬರುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಮೈಸೂರಿನಂಥ ಊರಲ್ಲಿ ನಿಜವಾದ ವ್ಯತ್ಯಾಸ ಇರುವುದೇ ಆ ಎರಡನೆಯದರಲ್ಲಿ.

ಸಾಕ್ಷರತೆಯನ್ನು ಏಳು ವರ್ಷ ಮತ್ತು ಮೇಲ್ಪಟ್ಟವರ ಮೇಲೆ ಲೆಕ್ಕ ಹಾಕಬೇಕು. ಲಕ್ಷ ಜನರಲ್ಲಿ 10,000 ಮಂದಿ ಏಳು ತುಂಬದ ಮಕ್ಕಳು, ಸಾಕ್ಷರರು 77,400 ಇದ್ದರೆ ದರ ಶೇ. 86, ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ 77.4ಕ್ಕೆ ಇಳಿಯುತ್ತದೆ. ಮಕ್ಕಳು ಜಾಸ್ತಿ ಇರುವ ವಾರ್ಡ್‌ಗೆ ಅನ್ಯಾಯವೂ ಜಾಸ್ತಿ.

ಮನೆಮಾತು ಜನಗಣತಿಯ ಸಿ-16 ಕೋಷ್ಟಕದಲ್ಲಿದೆ, ವಾರ್ಡ್ ಮಟ್ಟದಲ್ಲಿ ಸಿಗದು. ಮೈಸೂರು ತಾಲೂಕಿನ ನಗರ ಅಂಕಣವನ್ನು ಹತ್ತಿರದ ಅಂದಾಜಾಗಿ ತೆಗೆದುಕೊಳ್ಳಿ. ಭಾಷೆಯ ಒಟ್ಟು ಸಾಲನ್ನಷ್ಟೇ ಓದಬೇಡಿ, ಅದರ ಕೆಳಗಿನ ಸಾಲುಗಳನ್ನೂ ಓದಿ. ಲಂಬಾಣಿ ಮಾತಾಡುವವರು ‘ಹಿಂದಿ’ಯ ಒಟ್ಟಿನೊಳಗೆ ಕೂತಿದ್ದಾರೆ. ಬಡಗ, ಕುರುಬ ‘ಕನ್ನಡ’ದ ಒಟ್ಟಿನೊಳಗೆ. ಮೈಸೂರಿಗಿಂತ ವಿಜಯಪುರ, ಕಲಬುರಗಿಯ ಲೆಕ್ಕ ಇದರಿಂದ ಹೆಚ್ಚು ತಿರುಚಿಕೊಳ್ಳುತ್ತದೆ. ಉತ್ತರದಿಂದ ಬಂದವರು ಇಷ್ಟು ಮಂದಿ ಅಂತ ಜಗಳಕ್ಕೆ ಬೀಳುವವರಲ್ಲಿ ಈ ಉಪಸಾಲು ನೋಡಿದವರು ಕಡಿಮೆ.

ಹೆಂಗಸರ ದುಡಿಮೆಯ ಅಂಕಣವನ್ನು ಕೆಳಮಿತಿ ಅಂತಲೇ ಓದಿ. ವರ್ಷದಲ್ಲಿ 183 ದಿನವೋ ಹೆಚ್ಚೋ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಮಾರ್ಜಿನಲ್. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವುದು, ಬೀಡಿ ಕಟ್ಟುವುದು ಗೃಹ ಕೈಗಾರಿಕೆಗೆ ಬರಬೇಕು. ನಗರದಲ್ಲಿ ಕೆಲಸ ಮನೆಯ ಆವರಣದೊಳಗೇ ನಡೆಯಬೇಕು ಎಂಬ ನಿಯಮವೂ ಇದೆ. ಆದರೆ ಗಣತಿದಾರರಿಗೆ ಉತ್ತರ ಕೊಡುವವರು ಬಹಳ ಸಲ ಮನೆಯ ಗಂಡಸು. ‘ಏನ್ ಮಾಡ್ತಾರೆ?’ ಅಂದರೆ ‘ಮನೇಲಿದ್ದಾರೆ’ ಅನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಆ ದುಡಿಮೆ ಮಾಯ.

ಉತ್ತರ 4: ಆರ್‌ಆರ್ ನಂಬರ್

ಪಡಿತರ ಚೀಟಿ, ಮೀಟರ್ ಬಗ್ಗೆ ಕೇಳಿದ್ದೀರಿ. ಬಳಸಿ, ಆದರೆ ಕುಟುಂಬ ಎಣಿಸಲು ಬೇಡ.

ಪಡಿತರ ಚೀಟಿಯ ಕುಟುಂಬ ಸವಲತ್ತಿನ ಘಟಕ. ಒಂದೇ ಅಡುಗೆಯಲ್ಲಿ ಉಣ್ಣುವವರಿಗೆ ಎರಡು ಚೀಟಿ ಇರಬಹುದು, ಮದುವೆಯಾಗಿ ಹೋದ ಮಗಳ ಹೆಸರು ತವರಿನ ಚೀಟಿಯಲ್ಲೇ ಉಳಿದಿರಬಹುದು. ಮಹಿಳಾ ಯಜಮಾನಿಕೆಯ ಕುಟುಂಬಗಳನ್ನಂತೂ ಚೀಟಿಯಿಂದ ಲೆಕ್ಕ ಹಾಕಲೇಬೇಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ತುಂಬಿದ ಹಿರಿಯ ಹೆಂಗಸೇ ಚೀಟಿಯ ಯಜಮಾನಿ. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಇದು ಇನ್ನೂ ಗಟ್ಟಿಯಾಯಿತು. ಜನಗಣತಿಯಲ್ಲಿ ಯಜಮಾನ ಅಂದರೆ ಮನೆಯವರು ಯಾರನ್ನು ಹಾಗೆ ಹೇಳುತ್ತಾರೋ ಅವರು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಹತ್ತು ವರ್ಷದಲ್ಲಿ ಕ್ರಾಂತಿ’ ಅಂತ ಬರೆದರೆ ನಗೆಪಾಟಲು.

ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕರೆಂಟ್ ಸಂಪರ್ಕದ ಗುರುತು, ಕುಟುಂಬದ್ದಲ್ಲ. ಮೇಲೆ ಕೆಳಗೆ ಎರಡು ಸಂಸಾರಕ್ಕೆ ಒಂದೇ ಮೀಟರ್ ಇರುವ ಮನೆಗಳಿವೆ, ಬೀಗ ಬಿದ್ದ ಮನೆಗೂ ಮೀಟರ್ ಇದೆ. ಹೊಸ ಬಡಾವಣೆ ಎತ್ತ ಬೆಳೆಯುತ್ತಿದೆ ಅಂತ ತೋರಿಸಲು ಗೃಹಬಳಕೆ ಸಂಪರ್ಕಗಳ ಏರಿಕೆ ಒಳ್ಳೆಯ ಸೂಚಕ. 2025ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೂ ಮನೆ ಗುರುತಿಸಲು ಮೀಟರನ್ನೇ ಆಧಾರ ಮಾಡಿಕೊಂಡದ್ದು ಇದಕ್ಕೇ: ಜಾಗ ಹುಡುಕಲು ಮೀಟರ್ ಸಾಕು, ಒಳಗೆ ಎಷ್ಟು ಸಂಸಾರ ಅಂತ ಬಾಗಿಲು ತಟ್ಟಿಯೇ ತಿಳಿಯಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತು ಜಿಲ್ಲಾ ಮಟ್ಟಕ್ಕೆ ನಿಲ್ಲುತ್ತದೆ. ಮೈಸೂರು ಜಿಲ್ಲೆ ಅಂದರೆ ಎಚ್.ಡಿ. ಕೋಟೆಯೂ ಸೇರಿತು, ಅದನ್ನು ನಗರದ ಲೆಕ್ಕ ಅನ್ನಲಾಗದು.

ವಾರ್ಡ್‌ನೋಟ

ಎಲ್ಲರಿಗೂ ಧನ್ಯವಾದ. ಹಾಗಾದರೆ ಈಗಿನ ಚಿತ್ರಣಕ್ಕೆ ಸಣ್ಣದೊಂದು ಮಾದರಿ ಸಮೀಕ್ಷೆ ಮಾಡಿದರೆ? ವಾರ್ಡ್‌ಗೆ ಇಪ್ಪತ್ತು ಮನೆಯಂತೆ 1,300 ಮನೆ ಸಾಕಾ?

ಉತ್ತರ 5: ಏಳನೇ ಮನೆ

ನಗರದ ಒಟ್ಟು ಲೆಕ್ಕಕ್ಕೆ ಬೇಕಾದದ್ದಕ್ಕಿಂತ ಹೆಚ್ಚು, ವಾರ್ಡ್ ಲೆಕ್ಕಕ್ಕೆ ಏನೇನೂ ಸಾಲದು. ಇಪ್ಪತ್ತು ಮನೆಯಲ್ಲಿ ಒಂದು ಮನೆ ಆಚೀಚೆ ಆದರೆ ಶೇ. 5 ಹಾರುತ್ತದೆ.

ಶೇ. 95ರ ವಿಶ್ವಾಸಮಟ್ಟದಲ್ಲಿ 5 ಅಂಶ ಆಚೀಚೆ ಸಾಕಾದರೆ ಮೂಲ ಮಾದರಿ 384. ಗುಂಪುಗುಂಪಾಗಿ ಆರಿಸುವುದರಿಂದ 1.5ರಿಂದ ಗುಣಿಸಿ, 576. ಹತ್ತರಲ್ಲೊಂದು ಮನೆ ಸಿಗುವುದಿಲ್ಲ ಅಂತಿಟ್ಟುಕೊಂಡರೆ 640. ನಗರವನ್ನು ಐದು ವಲಯ ಮಾಡಿ, ವಲಯಕ್ಕೆ 10 ಅಂಶದ ಏರುಪೇರು ಒಪ್ಪಿಕೊಂಡರೆ ಪ್ರತಿ ವಲಯಕ್ಕೆ 96ರ ಒಂದೂವರೆ ಪಟ್ಟು 144, ಐದಕ್ಕೆ 720, ಸಿಗದವರನ್ನು ಸೇರಿಸಿ 800. ನಲವತ್ತು ಗುಂಪು, ಗುಂಪಿಗೆ ಇಪ್ಪತ್ತು ಮನೆ. ಇದು ಕೈಗೆಟುಕುವ ಕೆಲಸ. ನೀರು, ಒಳಚರಂಡಿಗೆ 1.5 ಸಾಲದು, ಯಾಕೆಂದರೆ ಒಂದು ಬೀದಿಗೆ ಬಂದರೆ ಬೀದಿಗೆಲ್ಲ ಬಂದಿರುತ್ತದೆ. ಅವಕ್ಕೆ ಗುಂಪು ಹೆಚ್ಚಿಸಿ, ಗುಂಪಿನೊಳಗಿನ ಮನೆ ಕಡಿಮೆ ಮಾಡಿ.

ಗುಂಪು ಆರಿಸಲು ಮತಗಟ್ಟೆ ಭಾಗಗಳ ಪಟ್ಟಿ ಸಾಕು, ಮತದಾರರ ಸಂಖ್ಯೆಗೆ ತಕ್ಕ ಸಂಭವದಲ್ಲಿ ಎತ್ತಿ. ಅಲ್ಲಿಗೆ ಮತದಾರರ ಪಟ್ಟಿಯ ಕೆಲಸ ಮುಗಿಯಿತು. ಮನೆಗಳನ್ನು ಅದರಿಂದ ಆರಿಸಿದರೆ ಬಾಡಿಗೆಯವರೂ ವಿದ್ಯಾರ್ಥಿಗಳೂ ಬಿಟ್ಟುಹೋಗುತ್ತಾರೆ. ಭಾಗ ದೊಡ್ಡದಿದ್ದರೆ 120–150 ಕುಟುಂಬದ ತುಂಡುಗಳಾಗಿ ಒಡೆದು, ಒಂದು ತುಂಡನ್ನು ಚೀಟಿ ಎತ್ತಿ ಆರಿಸಿ, ಅಲ್ಲಿ ಬೀದಿ ನಡೆದು ಹೊಸದಾಗಿ ಪಟ್ಟಿ ಮಾಡಿ. ಮಹಡಿ ಮೇಲಿನ ಒಂಟಿ ಕೋಣೆ, ಹಿತ್ತಲ ಔಟ್‌ಹೌಸ್, ಅಂಗಡಿ ಹಿಂದಿನ ಮನೆ ತಪ್ಪುವುದು ಇಲ್ಲೇ. 140 ಕುಟುಂಬ ಬಂದರೆ ಒಂದರಿಂದ ಏಳರೊಳಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಏಳನೆಯದು. ತುಂಡು ಮಾಡಿದ ಲೆಕ್ಕವನ್ನೂ ಪಟ್ಟಿಯ ಒಟ್ಟು ಸಂಖ್ಯೆಯನ್ನೂ ಬರೆದಿಡಿ, ತೂಕ ಹಾಕುವಾಗ ಬೇಕು.

ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡಿ. ಹಗಲು ಹೊತ್ತು ಬಾಗಿಲು ತೆರೆಯುವವರು ನಿವೃತ್ತರು, ಮಕ್ಕಳಿರುವ ಮನೆಯವರು. ಇಬ್ಬರೂ ಕೆಲಸಕ್ಕೆ ಹೋಗುವ ಜೋಡಿ ಸಿಗುವುದೇ ಸಂಜೆ ಏಳರ ಮೇಲೆ. ಬದಲಿ ಮನೆ ಹಿಡಿದರೆ ಕುಟುಂಬದ ಗಾತ್ರ ಹಿಗ್ಗುತ್ತದೆ, ದುಡಿಯುವ ಹೆಂಗಸರ ಪಾಲು ಕುಗ್ಗುತ್ತದೆ. ಬೇರೆ ಬೇರೆ ಹೊತ್ತಲ್ಲಿ ಮೂರು ಸಲ ಹೋಗಿ, ಒಂದು ಸಲವಾದರೂ ಭಾನುವಾರ. ಆಮೇಲೂ ಸಿಗದಿದ್ದರೆ ‘ಸಿಗಲಿಲ್ಲ’ ಅಂತಲೇ ಬರೆಯಿರಿ.

ಹೆಂಗಸರ ಕೆಲಸದ ಪ್ರಶ್ನೆಯನ್ನು ಆ ಹೆಂಗಸನ್ನೇ ಕೇಳಿ. ‘ಕೆಲಸಕ್ಕೆ ಹೋಗ್ತೀರಾ?’ ಅನ್ನಬೇಡಿ, ‘ಹೋದ ವಾರ ಊದುಬತ್ತಿ, ಹೊಲಿಗೆ, ಹೂ ಕಟ್ಟೋದು, ಟ್ಯೂಷನ್, ಅಂಗಡಿ ನೋಡ್ಕೊಳ್ಳೋದು ಏನಾದ್ರೂ ಮಾಡಿದ್ರಾ?’ ಅಂತ ಒಂದೊಂದೇ ಹೆಸರು ಹೇಳಿ ಕೇಳಿ. 2011ಕ್ಕೆ ಹೋಲಿಸಬೇಕಿದ್ದರೆ 183 ದಿನದ ಪ್ರಶ್ನೆಯನ್ನೂ ಬೇರೆಯಾಗಿ ಇಡಿ.

ಗಡಿಗಲ್ಲು

ಒಂದು ಸೇರ್ಪಡೆ. ಮುಂದಿನ ಗಣತಿಯ ಉಲ್ಲೇಖ ಕ್ಷಣ (ಯಾವ ಹೊತ್ತಿನ ಜನಸಂಖ್ಯೆ ಅಂತ ಹಿಡಿಯುವುದು) 2027ರ ಮಾರ್ಚ್ 1. ನಿಮ್ಮ ಪ್ರಶ್ನಾವಳಿಯಲ್ಲಿ ಕುಟುಂಬ, ಕೋಣೆ, ಇಂಧನ, ನೀರಿನ ಆಯ್ಕೆಗಳನ್ನು ಜನಗಣತಿಯ ಮನೆಪಟ್ಟಿಯ ಪದಗಳಲ್ಲೇ, ಅದೇ ಕ್ರಮದಲ್ಲೇ ಇಡಿ. ಪ್ರತಿ ಮನೆಗೂ ಜಿಪಿಎಸ್ ಬಿಂದು ತೆಗೆದುಕೊಂಡು, ವರದಿಯಲ್ಲಿ ಪ್ರಕಟಿಸದೆ ಇಟ್ಟುಕೊಳ್ಳಿ. ವಾರ್ಡ್ ಗೆರೆ ಮತ್ತೆ ಬದಲಾದರೂ ಬಿಂದುಗಳನ್ನು ಹೊಸ ನಕ್ಷೆಗೆ ಹಂಚಬಹುದು. ಬರೀ ವಾರ್ಡ್ ನಂಬರ್ ಬರೆದುಕೊಂಡಿದ್ದರೆ ಆಗುವುದಿಲ್ಲ.