ಸ್ಟ್ರೈಸ್ಯಾಂಡ್ ಮೊದಲ ಆಲ್ಬಮ್: ಇಷ್ಟೊಂದು ನಾಟಕ ಬೇಕಿತ್ತಾ?

ತುಮಕೂರು_ಕೇಳುಗ:
ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಹೆಸರು ಕೇಳಿದ್ದೆ, ಹಾಡು ಕೇಳಿರಲಿಲ್ಲ. 1963ರ ಮೊದಲ ಆಲ್ಬಮ್ಮಿನಿಂದಲೇ ಶುರು ಮಾಡೋಣ ಅಂತ ಹಾಕಿದೆ. ‘ಕ್ರೈ ಮಿ ಎ ರಿವರ್’ ಮೊದಮೊದಲು ಚೆನ್ನಾಗಿಯೇ ಇತ್ತು. ಕೊನೆಗೆ ಬರುವ ಹೊತ್ತಿಗೆ ಇಯರ್‌ಫೋನ್ ಕಿತ್ತಿಟ್ಟೆ. ಅಷ್ಟು ಜೋರು! ನನಗೆ ಈ ಹಾಡು ಗೊತ್ತಿರೋದು ಜೂಲಿ ಲಂಡನ್ ದನಿಯಲ್ಲಿ, 1955ರದ್ದು. ಒಂದು ಗಿಟಾರ್, ಒಂದು ಬೇಸ್, ಪಕ್ಕದಲ್ಲೇ ಕೂತು ಪಿಸುಗುಟ್ಟುವ ದನಿ. ಅಷ್ಟೇ ಸಾಕಲ್ವಾ? ಆದರೂ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಸಿಕ್ಕಿದ್ದು ಇದಕ್ಕೆ. ಪೂರ್ತಿ ಕೇಳಲಾ, ಬಿಡಲಾ?

ಹಾರ್ಮೋನಿಯಂ_ಮಾಮ:
ಬಿಡಬೇಡಿ. ಆದರೆ ನೇರ ಏಳನೇ ಹಾಡಿಗೆ ಹೋಗಿ: ‘ಹ್ಯಾಪಿ ಡೇಸ್ ಆರ್ ಹಿಯರ್ ಅಗೇನ್’.

1929ರ ಹಾಡು. ಮೂಲದಲ್ಲಿ ಕುಣಿಸುವಂಥದ್ದು. 1932ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತ ರೂಸ್‌ವೆಲ್ಟ್ ಚುನಾವಣಾ ಪ್ರಚಾರಕ್ಕೆ ಇದನ್ನೇ ಇಟ್ಟುಕೊಂಡಿದ್ದರು. ಬಾರ್ಬ್ರಾ ಇದನ್ನು ನಿಧಾನವಾಗಿ, ಎಳೆದು ಹಾಡುತ್ತಾರೆ. ಒಳ್ಳೆಯ ದಿನ ಬಂತು ಅಂತ ಬಾಯಿ ಹೇಳುತ್ತದೆ, ದನಿ ನಂಬುವುದಿಲ್ಲ.

ಇದು ಸುಮ್ನೆ ಮಾಡಿದ ಚಮತ್ಕಾರ ಅಲ್ಲ. 1962ರಲ್ಲಿ ಗ್ಯಾರಿ ಮೂರ್ ಅವರ ಟಿವಿ ಷೋನಲ್ಲಿ ಬಾರ್ಬ್ರಾ ಒಂದು ಕಿರುಪ್ರಹಸನ ಮಾಡಿದರು. 1929ರ ಷೇರುಪೇಟೆ ಕುಸಿತದಲ್ಲಿ ಎಲ್ಲ ಕಳಕೊಂಡ ಶ್ರೀಮಂತ ಹೆಂಗಸು ಬಾರಿಗೆ ಬರುತ್ತಾಳೆ. ಕೈಯಲ್ಲಿ ಕಾಸಿಲ್ಲ. ಮೈಮೇಲಿನ ಒಡವೆ ಬಿಚ್ಚಿ ಕೊಟ್ಟು ಕುಡಿಯುತ್ತಾಳೆ. ಹಾಡುವುದು ಈ ಹಾಡು! ಆ ಹೆಂಗಸನ್ನು ಕಣ್ಮುಂದೆ ಇಟ್ಟುಕೊಂಡು ಕೇಳಿ. ದನಿ ಏಕೆ ಏರುತ್ತದೆ ಅಂತ ಯಾರೂ ಹೇಳಬೇಕಾಗಿಲ್ಲ.

ನಾನು ಹವ್ಯಾಸಿ ನಾಟಕ ತಂಡದಲ್ಲಿ ಹಾರ್ಮೋನಿಯಂ ಹಿಡಿಯುವವನು. ರಂಗಗೀತೆ ಕಲಿಸುವಾಗ ಹುಡುಗರಿಗೆ ಬೈಯುವುದು ಒಂದೇ ಕಾರಣಕ್ಕೆ: ಹಾಡ್ತಿರೋದು ನೀನಲ್ಲಪ್ಪ, ಪಾತ್ರ. ಈಯಮ್ಮ 20ನೇ ವಯಸ್ಸಿಗೇ ಅದನ್ನು ಸ್ಟುಡಿಯೋ ಮೈಕಿನ ಮುಂದೆ ಮಾಡಿ ತೋರಿಸಿದರು. ಅಷ್ಟರಲ್ಲಿ ಅಮೆರಿಕದ ದೊಡ್ಡ ನಾಟಕರಂಗವಾದ ಬ್ರಾಡ್‌ವೇ ಹತ್ತಿಯಾಗಿತ್ತು. ನ್ಯೂಯಾರ್ಕಿನ ‘ಬಾನ್ ಸ್ವಾರ್’ ಕ್ಲಬ್ಬಿನಲ್ಲೂ ಹಾಡಿ ಪಳಗಿದ್ದರು. ಕುಡಿಯುತ್ತಾ ಹರಟುವ ಜನರನ್ನು ತಿರುಗಿ ನೋಡುವಂತೆ ಮಾಡುವುದು ಅಲ್ಲೇ ಕಲಿತದ್ದಿರಬೇಕು, ನನ್ನ ಅಂದಾಜು.

ಸೈಡ್_ಬಿ:
ಪಾತ್ರ ಎಲ್ಲ ಸರಿ ಮಾಮ. ‘ಹೂ ಈಸ್ ಅಫ್ರೈಡ್ ಆಫ್ ದ ಬಿಗ್ ಬ್ಯಾಡ್ ವುಲ್ಫ್’ಗೆ ಏನಂತೀರಿ? 1933ರ ಡಿಸ್ನಿ ಕಾರ್ಟೂನಿನ ಹಂದಿಮರಿಗಳ ಹಾಡದು. ಮೊದಲ ಸಲ ನಗು ಬಂತು, ಆಮೇಲೆ ಸ್ಕಿಪ್. ಎಲ್ಲದಕ್ಕೂ ನಾಟಕದ ಬಣ್ಣ ಹಚ್ಚಿದರೆ ಹೀಗೇ. ನನ್ನ ಓಟು ಕೊನೆಯ ಹಾಡಿಗೆ, ‘ಎ ಸ್ಲೀಪಿನ್ ಬೀ’. ಸಂಗೀತ ಹೆರಾಲ್ಡ್ ಆರ್ಲೆನ್ ಅವರದು. ಈ ಆಲ್ಬಮ್ಮಿನ ಕವರ್ ಮೇಲಿನ ಬರಹವೂ ಅವರದೇ. ಅಲ್ಲೂ ದನಿ ಏರುತ್ತದೆ, ಆದರೆ ಕೂಗು ಅನ್ನಿಸಲ್ಲ.

ತುಮಕೂರು_ಕೇಳುಗ:
ಏಳನೇದು ಕೇಳಿದೆ. ಒಡವೆ ಬಿಚ್ಚಿಕೊಡುವ ಕತೆ ಗೊತ್ತಿಲ್ಲದಿದ್ದರೆ ಇದೂ ಜಾಸ್ತಿ ಆಯ್ತು ಅಂತಿದ್ದೆನೇನೋ. ‘ಕ್ರೈ ಮಿ’ಯಲ್ಲಿ ಮಾತ್ರ ನಾನು ಈಗಲೂ ಜೂಲಿ ಕಡೆಯೇ.

ಹಾರ್ಮೋನಿಯಂ_ಮಾಮ:
ಇರಿ, ಯಾರು ಬೇಡ ಅಂದರು? ಆದರೆ ಇಬ್ಬರು ಹೆಂಗಸರೂ ಬೇರೆ. ಜೂಲಿ ಹಾಡುವ ಹೆಂಗಸಿಗೆ, ಬಿಟ್ಟುಹೋಗಿ ಈಗ ವಾಪಸ್ ಬಂದಿರುವ ಪ್ರಿಯಕರನ ಕತೆ ಮುಗಿದಿದೆ, ಬಾಗಿಲು ತೆಗೆಯದೆಯೇ ಮಾತಾಡಿ ಕಳಿಸುತ್ತಾಳೆ. ಬಾರ್ಬ್ರಾದು ಇನ್ನೂ ಹೊಟ್ಟೆಯೊಳಗಿನ ಉರಿ. ಅಳು ಈಗ, ನೋಡೋಣ ಅಂತ ಅವನ ಮುಖಕ್ಕೇ ಬೆರಳು ತೋರಿಸುವ ಹಾಡು.

ವುಲ್ಫ್ ಬಗ್ಗೆ ಸೈಡ್_ಬಿ ಜೊತೆ ಜಗಳ ಇಲ್ಲ, ನಾನೂ ಸ್ಕಿಪ್ಪೇ.

ಸ್ಟುಡಿಯೋ ವಾದ್ಯಗೋಷ್ಠಿ ಭಾರ ಅನ್ನಿಸಿದರೆ ‘ಲೈವ್ ಅಟ್ ದ ಬಾನ್ ಸ್ವಾರ್’ ಹಾಕಿ. 1962ರ ನವೆಂಬರಿನಲ್ಲಿ ಕ್ಲಬ್ಬಿನಲ್ಲೇ ರೆಕಾರ್ಡ್ ಮಾಡಿದ್ದು, ಇದನ್ನೇ ಮೊದಲ ಆಲ್ಬಮ್ ಮಾಡಬೇಕು ಅಂತಿತ್ತು. ಹೊರಗೆ ಬಂದದ್ದು 2022ರಲ್ಲಿ. ವಾದ್ಯ ನಾಲ್ಕೈದೇ. ಈ ಆಲ್ಬಮ್ಮಿನ ಎಷ್ಟೋ ಹಾಡು ಅಲ್ಲೂ ಇವೆ.