ಬಸ್ ಕೆಳಗೆ ಎಣ್ಣೆ ಕಲೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹಳೆ ಬಸ್ಸನ್ನು ಕ್ಯಾಂಟೀನ್, ಕ್ಯಾರವಾನ್, ಲೈಬ್ರರಿ ಮಾಡಿಕೊಂಡವರೆಲ್ಲ ಕೇಳಿ. ಇವತ್ತು ಇಂಜಿನ್, ಗೇರ್‌ಬಾಕ್ಸ್ ಆಯಿಲ್ ಲೀಕ್ ಬಗ್ಗೆ ಮಾತ್ರ. ನಮ್ಮ ಹೆವಿ ವೆಹಿಕಲ್ ಮೆಕ್ಯಾನಿಕ್ ಅಣ್ಣ ರಾತ್ರಿ 9ರವರೆಗೆ ಇರುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ದಾವಣಗೆರೆ ಕ್ಯಾಂಟೀನ್: ಅಣ್ಣಾ ನಮಸ್ಕಾರ. ಟಾಟಾ 1512, ಕಮ್ಮಿನ್ಸ್ 6ಬಿಟಿ ಇಂಜಿನ್. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ ಕೆಳಗಿನ ತೂತಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ಕ್ರ್ಯಾಂಕ್ ಸೀಲ್, ಅಂದರೆ ಇಂಜಿನ್ ಶಾಫ್ಟಿನ ಹಿಂಬದಿ ಎಣ್ಣೆ ತಡೆಯುವ ಬಳೆ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ಇಳಿಸಲಾ?

ಮೆಕ್ಯಾನಿಕ್: ನಮಸ್ಕಾರ. ಮೊದಲು ಬೆರಳಿಗೆ ಹಚ್ಚಿ ನೋಡಿ. ಕಪ್ಪಗೆ, ತೆಳ್ಳಗಿದ್ದರೆ ಇಂಜಿನ್ ಆಯಿಲ್. ಮಂದವಾಗಿ, ಗಂಧಕದ ವಾಸನೆ ಬಂದರೆ ಗೇರ್ ಆಯಿಲ್, ಅಂದರೆ ಗೇರ್‌ಬಾಕ್ಸಿನ ಮುಂದಿನ ಸೀಲ್. ಎರಡೂ ಅದೇ ತೂತಿನಿಂದ ಬೀಳುತ್ತವೆ. ಆಮೇಲೆ ವಾಟರ್ ಸರ್ವಿಸ್ ಮಾಡಿಸಿ, ಒಣಗಿಸಿ, ಸ್ವಲ್ಪ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಹುಡುಕುತ್ತಾ ಬನ್ನಿ. ಇಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿದರೂ ಎಣ್ಣೆ ಹಿಂಬದಿಯಲ್ಲಿ ಇಳಿದು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪನ್ನೂ ನೋಡಿ. ಅದು ಕಟ್ಟಿಕೊಂಡಿದ್ದರೆ ಅಥವಾ ಪಿಸ್ಟನ್ ರಿಂಗ್ ಸವೆದು ಹೊಗೆ ಬುಸುಗುಟ್ಟುತ್ತಿದ್ದರೆ, ಹೊಸ ಸೀಲ್ ಹಾಕಿದರೂ ಒಳಗಿನ ಒತ್ತಡಕ್ಕೆ ಮತ್ತೆ ಸೋರುತ್ತದೆ.

ಕ್ರ್ಯಾಂಕ್ ಸೀಲೇ ಅಂತ ಖಾತ್ರಿಯಾದರೆ ಒಂದು ಮಾತು. ಈ ಇಂಜಿನ್ನಿನ ಹಿಂದಿನ ಸೀಲನ್ನು ಒಣದಾಗಿಯೇ ಕೂರಿಸಬೇಕು. ಎಣ್ಣೆ, ಗ್ರೀಸು ಹಚ್ಚಬಾರದು. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಗೈಡ್ ಬಿಸಾಕಬೇಡಿ, ಅದರ ಮೇಲೆ ಜಾರಿಸಿಯೇ ಸೀಲ್ ಹಾಕುವುದು. ಶಾಫ್ಟ್ ಮೇಲೆ ಉಗುರಿಗೆ ಸಿಗುವ ಗೀರು ಬಿದ್ದಿದ್ದರೆ ಅದರ ಮೇಲೆ ತೆಳು ಲೋಹದ ಸ್ಲೀವ್ ಹಾಕಿಸಿ. ಗೇರ್‌ಬಾಕ್ಸ್ ಇಳಿದಾಗಲೇ ಅದರ ಮುಂದಿನ ಸೀಲನ್ನೂ ಬದಲಿಸಿಬಿಡಿ.

ತುಮಕೂರು: ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಪ್ಯಾಕಿಂಗ್ ಸೋರುತ್ತಿದೆ ಸಾರ್. ಬೋಲ್ಟ್ ಟೈಟ್ ಮಾಡಿದಷ್ಟೂ ಜಾಸ್ತಿ.

ಮೆಕ್ಯಾನಿಕ್: ತಗಡು ಬಗ್ಗಿದೆ. ಇಳಿಸಿ, ಅಂಚು ನೇರ ಮಾಡಿಸಿ, ಹೊಸ ಪ್ಯಾಕಿಂಗ್ ಹಾಕಿ. ಅನಾಬಾಂಡ್ ಅಂಟು ತೆಳ್ಳಗೆ ಸಾಕು. ಒಳಗೆ ಉಬ್ಬಿದ್ದು ಕಿತ್ತು ಬಂದು ಎಣ್ಣೆ ಸೋಸುವ ಸ್ಟ್ರೇನರ್ ಕಟ್ಟುತ್ತದೆ.

ಕುಂದಾಪುರ: ಮುಂದಿನ ಚಕ್ರದ ಹತ್ತಿರ ಕೆಂಪು ಎಣ್ಣೆ ಬೀಳ್ತಾ ಇದೆ. ಗೇರ್ ಆಯಿಲ್ಲಾ? ಮ್ಯಾನ್ಯುಯಲ್ ಗೇರ್.

ಮೆಕ್ಯಾನಿಕ್: ಪವರ್ ಸ್ಟೀರಿಂಗ್ ಆಯಿಲ್. ಹೋಸ್ ನೋಡಿ.

ಮೈಸೂರು ಕ್ಯಾರವಾನ್: ಅಣ್ಣಾ, ನನ್ನದು ಹಳೆ ಸಿಟಿ ಬಸ್. ಹಿಂದೆ ಇಂಜಿನ್, ಆಟೊಮ್ಯಾಟಿಕ್ ಗೇರ್, ಇಳಿಜಾರಲ್ಲಿ ವೇಗ ತಗ್ಗಿಸುವ ರಿಟಾರ್ಡರ್ ಇದೆ. ನೆಲಕ್ಕೆ ಏನೂ ಬೀಳುತ್ತಿಲ್ಲ. ಆದರೆ ಗೇರ್ ಆಯಿಲ್ ಕಡ್ಡಿ ಎಳೆದರೆ ರೋಸ್ ಮಿಲ್ಕ್ ತರಹ ಇದೆ. ಶಿರಾಡಿ ಘಾಟಿ ಇಳಿದು ಬಂದ ಮೇಲೆ ಗೇರ್ ಜರ್ಕ್ ಹೊಡೆಯುತ್ತಿದೆ. ನಾಳೆ ಮಡಿಕೇರಿಗೆ ಹೊರಡಬೇಕು. ಆಯಿಲ್ ಬದಲಿಸಿದರೆ ಸಾಕಾ?

ಮೆಕ್ಯಾನಿಕ್: ಹೊರಡಬೇಡಿ. ಸ್ಟಾರ್ಟ್ ಕೂಡ ಮಾಡಬೇಡಿ. ಕೂಲೆಂಟ್ ಕಡಿಮೆಯಾಗುತ್ತಿತ್ತಾ? ಅದಕ್ಕೆ ಏನಾದರೂ ಬೆರೆಸಿದ್ದೀರಾ?

ಮೈಸೂರು ಕ್ಯಾರವಾನ್: ಹೌದು, ಕಡಿಮೆಯಾಗ್ತಿತ್ತು. ಎಲ್ಲೂ ಸೋರಿದ್ದು ಕಾಣಲಿಲ್ಲ. ಇಲ್ಲೇ ಬಂದ ಫಾರ್ವರ್ಡ್ ನೋಡಿ, ಲೀಕ್ ಇದ್ದರೆ ಮುಚ್ಚಲಿ ಅಂತ ಅರಿಶಿನ ಹಾಕಿದ್ದೆ.

ಮೆಕ್ಯಾನಿಕ್: ಅದೇ ಅಂದುಕೊಂಡೆ. ಎಲ್ಲರೂ ಓದಿ. ರಿಟಾರ್ಡರ್ ಹಿಡಿದಾಗ ಗೇರ್‌ಬಾಕ್ಸ್ ಎಣ್ಣೆ ವಿಪರೀತ ಕಾಯುತ್ತದೆ. ಅದನ್ನು ತಣ್ಣಗೆ ಮಾಡಲು ಒಂದು ಕೂಲರ್ ಇದೆ. ಅದರಲ್ಲಿ ಒಂದು ಬದಿ ಎಣ್ಣೆ, ಇನ್ನೊಂದು ಬದಿ ಇಂಜಿನ್ ಕೂಲೆಂಟ್, ನಡುವೆ ತೆಳು ಲೋಹ. ಅದು ಒಡೆದರೆ, ಗಾಡಿ ಓಡುವಾಗ ಎಣ್ಣೆಯ ಒತ್ತಡ ಜಾಸ್ತಿ, ಎಣ್ಣೆ ಕೂಲೆಂಟಿಗೆ ಹೋಗುತ್ತದೆ. ನಿಲ್ಲಿಸಿದಾಗ ಬಿಸಿ ಕೂಲೆಂಟಿನ ಒತ್ತಡ ಜಾಸ್ತಿ, ಅದು ಗೇರ್‌ಬಾಕ್ಸಿಗೆ ಬರುತ್ತದೆ. ನಿಮ್ಮ ನೀರು ಹೋಗಿದ್ದು ಅಲ್ಲಿಗೆ. ಅರಿಶಿನ ಅದನ್ನು ಮುಚ್ಚಲಿಲ್ಲ. ಸಣ್ಣ ದಾರಿಗಳನ್ನು ಕಟ್ಟಿ ಗಾಡಿ ಇನ್ನೂ ಕಾಯುವಂತೆ ಮಾಡಿರಬಹುದು.

ಆಯಿಲ್ ಬದಲಿಸಿದರೆ ಸಾಲದು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಒಳಗಿನ ಕ್ಲಚ್ ಪ್ಲೇಟುಗಳ ಲೈನಿಂಗ್ ಅಂಟನ್ನೇ ಬಿಡಿಸುತ್ತದೆ. ಜರ್ಕ್ ಶುರುವಾಗಿದೆ ಅಂದರೆ ಗೇರ್‌ಬಾಕ್ಸ್ ಬಿಚ್ಚಿ ನೋಡಲೇಬೇಕು. ಮೊದಲು ಕೂಲರ್ ತೆಗೆಸಿ. ಒಂದು ಬದಿ ಮುಚ್ಚಿ, ಗಾಳಿ ಕೊಟ್ಟು, ನೀರಲ್ಲಿ ಮುಳುಗಿಸಿದರೆ ಗುಳ್ಳೆ ಬರುತ್ತದೆ. ಬಂದರೆ ಹೊಸ ಕೂಲರ್, ಬೆಸುಗೆ ಬೇಡ.

ಗ್ಯಾರೇಜಿಗೆ ಎಳೆಸುವ ಮೊದಲು, ಗೇರ್‌ಬಾಕ್ಸನ್ನು ಹಿಂದಿನ ಚಕ್ರಕ್ಕೆ ಜೋಡಿಸುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ. ಇಂಜಿನ್ ನಿಂತಾಗ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗಿದರೆ ಒಳಗೆ ಎಣ್ಣೆಯಿಲ್ಲದೆ ಸುಡುತ್ತದೆ. ಇನ್ನೊಂದು, ಸಿಟಿ ಬಸ್ ಅಂದಿರಿ. ಏರ್ ಸಸ್ಪೆನ್ಷನ್ ಇದ್ದರೆ ಚಾಸಿಗೆ ಸ್ಟ್ಯಾಂಡ್ ಕೊಡದೆ ಯಾರೂ ಕೆಳಗೆ ನುಗ್ಗಬೇಡಿ. ಗಾಳಿ ಇಳಿದರೆ ಬಾಡಿ ಎದೆ ಮೇಲೆ ಕೂರುತ್ತದೆ.

ಶಿರಸಿ: ಅರಿಶಿನ ಅಂದ್ರೆ ಅಷ್ಟು ತಾತ್ಸಾರ ಯಾಕೆ? ನಮ್ಮಪ್ಪ ಲಾರಿಯ ರೇಡಿಯೇಟರ್‌ಗೆ ಅದನ್ನೇ ಹಾಕಿ ಮುಂಬೈವರೆಗೆ ಹೋಗಿ ಬರ್ತಿದ್ದರು.

ಹಾಸನ: ನಿಮ್ಮಪ್ಪನ ಲಾರಿಗೆ ಆಟೊಮ್ಯಾಟಿಕ್ ಗೇರ್ ಇತ್ತಾ?

ಶಿರಸಿ: ನಾನು ನಿಮ್ಮನ್ನು ಕೇಳಲಿಲ್ಲ.

ಮೆಕ್ಯಾನಿಕ್: ದಾರಿಯಲ್ಲಿ ಕೆಟ್ಟು ನಿಂತಾಗ ಊರು ಮುಟ್ಟಲು ಮಾಡುವುದು ಬೇರೆ. ಡೀಸೆಲ್ ಟ್ಯಾಂಕಿಗೆ ಸೋಪು ಮೆತ್ತಿ ನಾನೂ ಗಾಡಿ ತಂದಿದ್ದೇನೆ. ಅದನ್ನು ರಿಪೇರಿ ಅನ್ನಬೇಡಿ.

ಹುಬ್ಬಳ್ಳಿ: ಅಣ್ಣಾರ, ಇದೊಂದು ಬಂದದ ನೋಡ್ರಿ: ‘ಇಂಜಿನ್ ಆಯಿಲ್‌ಗೆ ಬ್ರೇಕ್ ಆಯಿಲ್ ಬೆರೆಸಿರಿ, ಸೀಲ್ ಉಬ್ಬಿ ಲೀಕ್ ನಿಲ್ಲುತ್ತದೆ, ಎಲ್ಲರಿಗೂ ಹಂಚಿರಿ.’

ಮೆಕ್ಯಾನಿಕ್: ಹಂಚಬೇಡಿ. ರಬ್ಬರ್ ಮೊದಲು ಉಬ್ಬುತ್ತದೆ, ಆಮೇಲೆ ಮೆತ್ತಗಾಗಿ ಹರಿಯುತ್ತದೆ. ಆಯಿಲ್ ಕೆಟ್ಟು ಬೇರಿಂಗ್ ಹೋಗುತ್ತದೆ. ಸಾವಿರದ ಸೀಲ್ ಉಳಿಸಲು ಇಂಜಿನ್ ಕೊಡುತ್ತೀರಾ?

ಶಿವಮೊಗ್ಗ ಲೈಬ್ರರಿ: ಗೇರ್‌ಬಾಕ್ಸ್ ಹಿಂದಿನ ಸೀಲ್ ಬದಲಿಸಿದೆವು, ಮತ್ತೆ ಸೋರುತ್ತಿದೆ. ಬಾಡಿ ಕೆಲಸಕ್ಕೆ ಮುಂಚೆ ಒಂದು ತೊಟ್ಟೂ ಇರಲಿಲ್ಲ.

ಮೆಕ್ಯಾನಿಕ್: ಒಳ್ಳೆ ಸುಳಿವು ಕೊಟ್ಟಿರಿ. ತುಕ್ಕು ಹಿಡಿಯಬಾರದು ಅಂತ ಕೆಳಗೆಲ್ಲ ಕಪ್ಪು ಕೋಟಿಂಗ್ ಹೊಡೆಸಿದ್ದೀರಾ? ಗೇರ್‌ಬಾಕ್ಸ್ ಮೇಲೆ ಒಂದು ಪುಟ್ಟ ಬ್ರೀದರ್ ಇರುತ್ತದೆ. ಕೋಟಿಂಗ್ ಅದನ್ನು ಮುಚ್ಚಿರುತ್ತದೆ. ಒಳಗಿನ ಗಾಳಿ ಕಾದು ಹಿಗ್ಗಿ, ಹೋಗಲು ದಾರಿಯಿಲ್ಲದೆ ಸೀಲಿನಿಂದ ಎಣ್ಣೆ ತಳ್ಳುತ್ತದೆ. ಬಿಚ್ಚಿ ತೊಳೆಯಿರಿ, ಬಾಯಲ್ಲಿ ಊದಿದರೆ ಗಾಳಿ ಆಡಬೇಕು. ಗೇರ್‌ಬಾಕ್ಸಿಗೆ ಕೈ ಹಾಕಲು ಬಸ್ ನೆಲದಲ್ಲಿರುವ ಟ್ರ್ಯಾಪ್ ಡೋರ್ ಮೇಲೆ ಪ್ಲೈವುಡ್ ಹೊಡೆದಿದ್ದರೆ ಅದನ್ನೂ ಕೊಯ್ಯಿಸಿ. ಕೆಳಗೆ ಫೋಮ್ ಅಂಟಿಸಿ ಅದು ಎಣ್ಣೆ ಕುಡಿದಿದ್ದರೆ ಕಿತ್ತು ಬಿಸಾಕಿ. ಪಕ್ಕದಲ್ಲೇ ಕಾದ ಟರ್ಬೊ, ಸೈಲೆನ್ಸರ್ ಇವೆ, ಬೆಂಕಿ ಹತ್ತೀತು.

ಶಿವಮೊಗ್ಗ ಲೈಬ್ರರಿ: ಹೊಡೆಸಿದ್ದು ನಿಜ! ನಾಳೆಯೇ ನೋಡುತ್ತೇನೆ.

ಕೋಲಾರ: ಸೀಲ್ ಜೆಸಿ ರಸ್ತೆಯಲ್ಲಿ ತಂದರೆ ಅರ್ಧ ರೇಟು. ಕಂಪನಿ ಸೀಲ್ ಸುಮ್ನೆ ದುಡ್ಡು ದಂಡ.

ಹಾಸನ: ಅಳತೆ ಒಂದೇ ಇದ್ದರೆ ಆಯ್ತಾ? ರಬ್ಬರ್ ಯಾವುದು ಅಂತ ನೋಡೋದು ಬೇಡ್ವಾ? ಅದಿರಲಿ, ನೀವೆಲ್ಲ ಆರ್‌ಟಿಒ ಒಪ್ಪಿಗೆ ತೆಗೆದುಕೊಂಡೇ ಬಸ್ ಬದಲಿಸಿದ್ದೀರಾ? ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿ.

ಕೋಲಾರ: ಮೆಜೆಸ್ಟಿಕ್‌ನಲ್ಲಿ 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೆ ಬಸ್ಸನ್ನೇ ಮಹಿಳಾ ಶೌಚಾಲಯ ಮಾಡಿಲ್ವಾ?

ಹಾಸನ: ಅದು ನಿಂತಿರೋದು. ನಿಮ್ಮದು ರೋಡಲ್ಲಿ ಓಡೋದು. ಅಷ್ಟೂ ಗೊತ್ತಾಗಲ್ವಾ?

ಕೋಲಾರ: ಎಲ್ಲದಕ್ಕೂ ಮೂಗು ತೂರಿಸಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಬೀದರ್: ಗೇರ್‌ಬಾಕ್ಸ್ ಇಳಿಸಿ ಏರಿಸಲು ಕೂಲಿ ಎಷ್ಟಾಗ್ತದ?

ಚಿತ್ರದುರ್ಗ: ಅಣ್ಣಾ, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ ಎಣ್ಣೆ ತೊಟ್ಟಿಕ್ಕುತ್ತಿದೆ. ಏನು ಮಾಡಲಿ?

ಮೆಕ್ಯಾನಿಕ್: ಮೇಲೆ ಇದೆ. ಓದಿ.

ಚಿತ್ರದುರ್ಗ: ಎಂ-ಸೀಲ್ ಹಚ್ಚಿದರೆ ನಿಲ್ಲುತ್ತಾ?

ಮೆಕ್ಯಾನಿಕ್: ತಿರುಗುವ ಶಾಫ್ಟಿಗೆ ಎಂ-ಸೀಲ್ ಹಚ್ಚುತ್ತೀರಾ? ಮೇಲೆ ಓದಿ ಅಂದೆ.

ಮೈಸೂರು ಕ್ಯಾರವಾನ್: ಅಣ್ಣಾ, ಟ್ರಿಪ್ ಕ್ಯಾನ್ಸಲ್ ಮಾಡಿದೆ. ಮನೆಯವರು ಕೂಲೆಂಟ್ ಟ್ಯಾಂಕ್ ಮುಚ್ಚಳ ತೆಗೆದು ನೋಡಿದರು, ಮೇಲೆ ಕೆಂಪು ಜಿಡ್ಡು ತೇಲ್ತಿದೆ.

ಮೆಕ್ಯಾನಿಕ್: ಹಾಗಾದರೆ ಕೂಲರೇ. ಕೂಲೆಂಟ್ ಬದಿಯನ್ನೂ ಪೂರ್ತಿ ತೊಳೆಸಿ, ಎಣ್ಣೆ ತಾಗಿ ಉಬ್ಬಿದ ಹೋಸ್‌ಗಳನ್ನು ಬದಲಿಸಿ. ಮುಚ್ಚಳ ಬಿಸಿಯಿದ್ದಾಗ ತೆಗೆಯಬೇಡಿ ಅಂತ ಅವರಿಗೆ ಹೇಳಿ. ಗೇರ್‌ಬಾಕ್ಸ್ ಬಿಚ್ಚಿದ ದಿನ ಪ್ಲೇಟುಗಳ ಫೋಟೊ ನನಗೆ ನೇರವಾಗಿ ಕಳಿಸಿ, ಗುಂಪಿಗೆ ಬೇಡ.