ಸಹಾಯ ಬೇಕು: ಅಮ್ಮನಿಗೆ ಇನ್ಹೇಲರ್ ಭಯ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ, ಹಾಸನದ ಹತ್ತಿರ ಹಳ್ಳಿಯಲ್ಲಿದ್ದಾರೆ. ಆಸ್ತಮಾ ಇದೆ. ಡಾಕ್ಟರು ಎರಡು ಇನ್ಹೇಲರ್ ಕೊಟ್ಟಿದ್ದಾರೆ. ದಿನಾ ಎರಡು ಹೊತ್ತು ಎಳೆಯಬೇಕಾದ, ಶ್ವಾಸನಾಳದ ಊತ ಇಳಿಸುವ ಬ್ಯುಡೆಸೊನೈಡ್ ಒಂದು, ಉಬ್ಬಸ ಬಂದಾಗ ಮಾತ್ರ ಬಳಸುವ ಸಾಲ್ಬುಟಮಾಲ್ ಇನ್ನೊಂದು.

ಮೊದಲನೆಯದನ್ನು ಅಮ್ಮ ಮುಟ್ಟುವುದೇ ಇಲ್ಲ. "ದಿನಾ ಪಂಪು ಹೊಡೆದರೆ ಚಟ ಆಗುತ್ತೆ" ಅಂತ ಅಕ್ಕಪಕ್ಕದವರು ತಲೆಗೆ ತುಂಬಿದ್ದಾರೆ. ಸಾಲ್ಬುಟಮಾಲ್‌ನ ನೀಲಿ ಪಂಪು ತಕ್ಷಣ ಆರಾಮ ಕೊಡುತ್ತದೆ, ಅದೇ ಸಾಕು ಅನ್ನುತ್ತಾರೆ. ಆದರೆ ಅದರ ಕೆಲಸ 4ರಿಂದ 6 ಗಂಟೆ ಅಷ್ಟೇ. ಶ್ವಾಸನಾಳದ ಒಳಗಿನ ಊತ ಹಾಗೇ ಇರುತ್ತದೆ, ಅಲ್ವಾ? ಮಾತ್ರೆ ಆದರೆ ನುಂಗುತ್ತಾರಂತೆ. 4 ಮಿಲಿಗ್ರಾಂನ ಒಂದು ಸಾಲ್ಬುಟಮಾಲ್ ಮಾತ್ರೆಯಲ್ಲಿ ಪಂಪಿನ 100 ಮೈಕ್ರೋಗ್ರಾಂನ 40 ಪಫ್‌ನಷ್ಟು (ಒಂದು ಸಲ ಒತ್ತಿದರೆ ಒಂದು ಪಫ್) ಔಷಧ ಇರುತ್ತದೆ ಅಂದರೂ ನಂಬುವುದಿಲ್ಲ.

ಕಳೆದ ವಾರ ಊರಿಗೆ ಹೋಗಿದ್ದೆ. ರಾತ್ರಿ 3 ಗಂಟೆಗೆ ಎಚ್ಚರವಾಗಿ ನೋಡಿದರೆ, ಅಮ್ಮ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಗೆ ಊರಿ ಕೂತಿದ್ದರು. ಉಸಿರು ಸಿಳ್ಳೆ ಹೊಡೆದಂತೆ ಕೇಳಿಸುತ್ತಿತ್ತು. ನನ್ನನ್ನು ಎಬ್ಬಿಸಬಾರದು ಅಂತ ಸುಮ್ನೆ ಕೂತಿದ್ದರಂತೆ. ಪಂಪು ಒತ್ತಿ, ಆಮೇಲೆ ಉಸಿರು ಎಳೆಯುತ್ತಾರೆ. ಔಷಧ ಜಾಸ್ತಿ ಬಾಯಲ್ಲೇ ಉಳಿಯುತ್ತದೆ. ಅದಕ್ಕೆ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ, ಔಷಧ ಅದರಲ್ಲಿ ನಿಲ್ಲುವುದರಿಂದ ನಿಧಾನವಾಗಿ ಎಳೆಯಬಹುದು) ತರಬೇಕು ಅಂತಿದ್ದೇನೆ.

ವಯಸ್ಸಾದವರಿಗೆ ಸ್ಪೇಸರ್ ಅಭ್ಯಾಸ ಮಾಡಿಸಿದವರು ಯಾರಾದರೂ ಇದ್ದೀರಾ? ಮಾಸ್ಕ್ ಇರುವುದು ಒಳ್ಳೆಯದೋ, ಬಾಯಿಗೆ ಇಟ್ಟುಕೊಳ್ಳುವುದೋ? ದಿನದ ಇನ್ಹೇಲರ್‌ನಿಂದ ಗುಣ ಕಂಡ ಅಮ್ಮಂದಿರು ಯಾರಾದರೂ ನಮ್ಮಮ್ಮನ ಜೊತೆ ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ದೊಡ್ಡ ಉಪಕಾರ. ನನ್ನ ಮಾತು ಕೇಳುವುದಿಲ್ಲ, ಅವರ ವಯಸ್ಸಿನವರು ಹೇಳಿದರೆ ಖಂಡಿತ ಕೇಳುತ್ತಾರೆ. ದಯವಿಟ್ಟು ಮೆಸೇಜ್ ಮಾಡಿ.